ಹದಿನೆಂಟು ಎಣಿಸುವ ತನಕ

ಫೆಬ್ರುವರಿಯ ಒಂದು ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಪಕ್ಕದ ಒಲೆಯಲ್ಲಿ ಬದನೆಕಾಯಿ ಪಲ್ಯ ಮಾಡುತ್ತಿದ್ದೆ. ಬಡಿಯುವ ಸದ್ದು ನಿಂತಿತು. ತಿರುಗಿ ನೋಡಿದೆ. ಅವರ ಎರಡೂ ಕೈ ಹಿಟ್ಟಿನ ಮೇಲೆ ಹಾಗೇ ಇದ್ದವು, ಆದರೆ ನಡುಗುತ್ತಿದ್ದವು.

"ಫ್ಯಾನ್ ಬಂದ್ ಮಾಡವಾ, ಥಂಡಿ ಹತ್ತೈತಿ," ಎಂದರು.

ಹೊರಗೆ ಬಿಸಿಲು ಸುಡುತ್ತಿತ್ತು. ಫ್ಯಾನ್ ಆರಿಸಿದೆ. ಶಾಲು ಹೊದಿಸಿದೆ. ಆಮೇಲೆ ಕಂಬಳಿ, ಅದರ ಮೇಲೆ ಕೌದಿ. ಆದರೂ ನಡುಕ ನಿಲ್ಲಲಿಲ್ಲ. ಹಾಸಿಗೆ ಸಮೇತ ನಡುಗುತ್ತಿದ್ದರು. ಬಲಗೈ ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ಹಿಡಿದಿತ್ತು.

"ಏನಾಗೈತ್ರಿ ಅತ್ತಿ?"

"ಏನಿಲ್ಲ. ಪಿತ್ತ ಆಗೈತಿ. ಜೀರಿಗಿ ನೀರು ಕುದಿಸಿಕೊಡು, ಹೋಕ್ಕೈತಿ."

ಪಿತ್ತ. ಈ ಶಬ್ದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಾಗಲಕೋಟೆ ಕಡೆ ಬಾಯಿ ಕಹಿಯಾದರೆ ಪಿತ್ತ, ಎದೆ ಉರಿದರೆ ಪಿತ್ತ, ತಲೆ ತಿರುಗಿದರೂ ಪಿತ್ತ. ನಾವಿರುವ ಪಿಂಪಳಗಾಂವ್ ಬಸವಂತದ ಮರಾಠಿ ಮಂದಿಯೂ ಹಾಗೇ ಅನ್ನುತ್ತಾರೆ. ಹಾಗಾಗಿ ಎರಡು ವರ್ಷದಿಂದ ಅತ್ತೆ ಹೊಟ್ಟೆ ಹಿಡಿದುಕೊಂಡು ಪಿತ್ತ ಎಂದಾಗಲೆಲ್ಲ ನಮ್ಮ ಮನೆಯಲ್ಲೂ ಓಣಿಯಲ್ಲೂ ಯಾರಿಗೂ ಅನುಮಾನ ಬರಲಿಲ್ಲ. ಜೀರಿಗೆ ನೀರು, ನಿಂಬೆಹಣ್ಣು, ಸೋಡಾ. ನಾನಂತೂ ತಮಾಷೆ ಮಾಡುತ್ತಿದ್ದೆ. ಎಂಟು ವರ್ಷದ ಹಿಂದೆ ಅವರ ಪಿತ್ತಕೋಶವನ್ನೇ ಆಪರೇಶನ್ ಮಾಡಿ ತೆಗೆದಿದ್ದರು. ಅದರೊಳಗಿದ್ದ ಕಲ್ಲುಗಳನ್ನು ಅತ್ತೆ ಒಂದು ಸಣ್ಣ ಬಾಟಲಿಯಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. "ಪಿತ್ತಕೋಶನ ಇಲ್ಲ, ಇನ್ನ ಪಿತ್ತ ಎಲ್ಲಿಂದ ಬರ್ತೈತ್ರಿ?" ಎಂದು ನಾನು ಕೇಳಿದರೆ ಅವರೂ ನಗುತ್ತಿದ್ದರು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅವರು ಎರಡು ವರ್ಷದಿಂದ ಸರಿಯಾಗಿಯೇ ಹೇಳುತ್ತಿದ್ದರು.

ಅಂದು ಸಂಜೆ ಚಹಾ ಕೊಡಲು ಹೋದಾಗ ಕಿಟಕಿಯ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು.

ಕಣ್ಣು ಹಳದಿಯಾಗಿದ್ದವು.

ನನ್ನ ಗಂಡ ಪ್ರಕಾಶ ಇಲ್ಲಿಯ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ವರ್ಗಾವಣೆಯ ಮೇಲೆ ಮಹಾರಾಷ್ಟ್ರಕ್ಕೆ ಬಂದು ಒಂಬತ್ತು ವರ್ಷವಾಯಿತು, ಮೊದಲು ನಾಶಿಕ್ ಶಹರ, ನಂತರ ಪಿಂಪಳಗಾಂವ್. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆ ಬಂದರು. ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬರನ್ನೊಬ್ಬರು ಹೊಗಳಿಕೊಂಡು ಬದುಕಿದವರು ನಾವಲ್ಲ. ನಾನು ಉಪ್ಪು ಕಡಿಮೆ ಹಾಕುತ್ತೇನೆಂದು ಅವರು, ಅವರು ಎಣ್ಣೆ ಸುರಿಯುತ್ತಾರೆಂದು ನಾನು. ಜಗಳ ಆಡಿದ್ದು ಕಡಿಮೆ, ಮುಖ ಊದಿಸಿಕೊಂಡಿದ್ದು ಜಾಸ್ತಿ. ಇದ್ದದ್ದನ್ನು ಇದ್ದಂತೆ ಹೇಳಿದರೆ ಮುಂದಿನದು ಅರ್ಥವಾದೀತು ಎಂದು ಬರೆಯುತ್ತಿದ್ದೇನೆ.

ಮರುದಿನ ನಾಶಿಕ್‌ನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಆ್ಯಂಟಿಬಯೋಟಿಕ್ ಹತ್ತಿದ ಮೇಲೆ ಎರಡು ದಿನಕ್ಕೆ ಜ್ವರ ಇಳಿಯಿತು. ಹಳದಿ ಇಳಿಯಲಿಲ್ಲ. ಸೋನೋಗ್ರಫಿಯಲ್ಲಿ ಲಿವರ್‌ನ ಎಡಭಾಗದ ನಾಳಗಳು ಉಬ್ಬಿಕೊಂಡಿದ್ದವು. ಒಳಗೆ ಏನೋ ಅಡ್ಡ ನಿಂತಿತ್ತು. ಏನು ಎಂದು ಅದರಲ್ಲಿ ತಿಳಿಯುತ್ತಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯುಳ್ಳವರು. ಔಷಧಿ ಚೀಟಿಯ ಹಿಂದೆ ಚಿತ್ರ ಬಿಡಿಸಿ ತೋರಿಸಿದರು. ಪಿತ್ತ ಹುಟ್ಟುವುದು ಪಿತ್ತಕೋಶದಲ್ಲಿ ಅಲ್ಲವಂತೆ, ಲಿವರ್‌ನಲ್ಲಿ. ಪಿತ್ತಕೋಶ ಬರೀ ತುಂಬಿಡುವ ಚೀಲ. ಚೀಲ ತೆಗೆದರೂ ಲಿವರ್ ಪಿತ್ತ ಮಾಡುತ್ತಲೇ ಇರುತ್ತದೆ, ಅದು ಹರಿಯುವ ನಾಳಗಳೊಳಗೇ ಕಲ್ಲು ಕಟ್ಟಬಹುದು. ನಾನು ತಲೆ ತಗ್ಗಿಸಿ ಕೇಳಿದೆ.

"ಎಂಆರ್‌ಸಿಪಿ ಮಾಡೋಣ. ಎಂಆರ್‌ಐ ಯಂತ್ರದಲ್ಲೇ ಪಿತ್ತನಾಳಗಳ ಚಿತ್ರ ತೆಗೆಯುವುದು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ನಾಳದಲ್ಲಿರುವ ಪಿತ್ತ ಬೆಳ್ಳಗೆ ಹೊಳೆಯುತ್ತದೆ, ಕಲ್ಲು ಇದ್ದಲ್ಲಿ ಕಪ್ಪು ಕಾಣಿಸುತ್ತದೆ. ಒಂದೇ ಷರತ್ತು. ಅಲುಗಬಾರದು, ಹೇಳಿದಾಗ ಉಸಿರು ಹಿಡಿಯಬೇಕು," ಎಂದರು.

ಎಂಆರ್‌ಐ ಕೋಣೆಯ ಹೊರಗೆ ಟೆಕ್ನೀಶಿಯನ್ ಹುಡುಗ ಲೋಹದ ವಸ್ತುಗಳನ್ನೆಲ್ಲ ತೆಗೆಯಲು ಹೇಳಿದ. ಕಿವಿಯ ಬೆಂಡೋಲೆ ಬಂತು, ಕುಪ್ಪಸದ ಪಿನ್ನು ಬಂತು. ಕೊನೆಗೆ ಹಲ್ಲು. ಅತ್ತೆಗೆ ಮೇಲಿನ ಸಾಲಿನ ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದೆ, ಅದಕ್ಕೆ ತಂತಿಯ ಕೊಕ್ಕೆ. ಪರರ ಎದುರು ಅದನ್ನು ತೆಗೆದವರೇ ಅಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ತೆಗೆದು, ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದರು. ಒಂದೇ ಕ್ಷಣದಲ್ಲಿ ಹತ್ತು ವರ್ಷ ಮುದುಕಿಯಾದರು.

"ಆಜೀಂನಾ ಮರಾಠೀ ಸಮಜತಂ ಕಾ?" ಎಂದು ಹುಡುಗ ನನ್ನನ್ನು ಕೇಳಿದ, ಅಜ್ಜಿಗೆ ಮರಾಠಿ ತಿಳಿಯುತ್ತದೆಯೇ ಎಂದು.

"ಯೇತಂ, ಯೇತಂ," ಎಂದು ಅತ್ತೆಯೇ ಸೆರಗಿನ ಹಿಂದಿನಿಂದ ಹೇಳಿದರು.

ನಾನೂ ತಲೆ ಆಡಿಸಿದೆ. "ಚೆನ್ನಾಗಿ ಬರುತ್ತದೆ," ಎಂದೆ. ಒಂಬತ್ತು ವರ್ಷದಿಂದ ಕೊತ್ತಂಬರಿ ಮಾರುವವಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿ ಗೆದ್ದು ಬರುವವರು ಅವರು. ಎರಡು ರಾತ್ರಿ ಸರಿಯಾಗಿ ಮಲಗದೆ ನನಗೂ ಸಾಕಾಗಿತ್ತು. ಹಲ್ಲಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕುರ್ಚಿಯಲ್ಲಿ ಕೂತೆ. ಒಳಗಿನಿಂದ ಯಂತ್ರದ ಬಡಿತ ಕೇಳುತ್ತಿತ್ತು. ಕೂತಲ್ಲೇ ತೂಕಡಿಸಿದೆ.

ಹೊರಗೆ ಬಂದಾಗ ಅವರ ಮುಖ ಕೆಂಪಾಗಿತ್ತು. ಮೊದಲು ಡಬ್ಬಿಗೆ ಕೈ ಚಾಚಿದರು. ಹಲ್ಲು ಹಾಕಿಕೊಂಡ ಮೇಲೆ, "ಎಂಥಾ ಮಂದಿ ಅದಾರವಾ ಇವರು," ಎಂದರು.

"ಯಾಕ್ರಿ, ಏನಾತ್ರಿ?"

"ಏನಿಲ್ಲ ನಡಿ."

ಯಂತ್ರದ ಗದ್ದಲಕ್ಕೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ಮತ್ತೆ ಕೇಳಲಿಲ್ಲ.

ರಿಪೋರ್ಟು ಸಂಜೆ ಬಂತು. ಚಿತ್ರಗಳೆಲ್ಲ ಅಲುಗಿದ್ದವು. ರೋಗಿ ಸಹಕರಿಸಲಿಲ್ಲ, ಉಸಿರು ಹಿಡಿಯಲಿಲ್ಲ, ಮತ್ತೆ ಮತ್ತೆ ತಲೆ ಎತ್ತಿದರು ಎಂದು ಬರೆದಿತ್ತು. ಎಡಗಡೆಯ ನಾಳದಲ್ಲಿ ಕಪ್ಪು ನೆರಳು, ಅಲ್ಲಿ ನಾಳ ಕಿರಿದಾಗಿದೆ. ಕಲ್ಲು ಇರಬಹುದು. ಕೊನೆಯ ಸಾಲು ಹೀಗಿತ್ತು.

ಗಡ್ಡೆ ಇಲ್ಲವೆಂದು ಹೇಳಲಾಗದು.

ಪ್ರಕಾಶ ಆ ಸಾಲನ್ನು ಮೂರು ಸಲ ಓದಿದರು. ಆಮೇಲೆ ಕಾಗದ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಮರುದಿನ ಸರ್ಜನ್ ಬಂದು ನೋಡಿದರು. ಕಲ್ಲೇ ಆಗಿದ್ದರೂ ಗಡ್ಡೆಯೇ ಆಗಿದ್ದರೂ ಅನುಮಾನ ಉಳಿಸಿಕೊಳ್ಳುವುದಕ್ಕಿಂತ ಲಿವರ್‌ನ ಎಡಭಾಗವನ್ನೇ ತೆಗೆಯುವುದು ಒಳ್ಳೆಯದು ಎಂದರು. ಎರಡು ವಾರ ಬಿಟ್ಟು ಆಪರೇಶನ್. ಅತ್ತೆಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಬೇರೆ, ಹೃದಯವೂ ಅಷ್ಟು ಗಟ್ಟಿಯಿಲ್ಲ. "ರಿಸ್ಕ್ ಇದೆ," ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಕಾಶ ಮತ್ತೊಮ್ಮೆ ಎಂಆರ್‌ಸಿಪಿ ಮಾಡಬಹುದಾ ಎಂದು ಕೇಳಿದರು. ಮಾಡಬಹುದು, ಆದರೆ ಆಜಿ ಹೀಗೇ ಮಾಡಿದರೆ ಉಪಯೋಗವಿಲ್ಲ ಎಂಬ ಉತ್ತರ ಬಂತು.

ಆ ಮಾತು ನನ್ನನ್ನು ಚುಚ್ಚಿತು. ಅತ್ತೆಯ ಮೇಲೆ ಸಿಟ್ಟೂ ಬಂತು. ಇಷ್ಟು ದೊಡ್ಡವರು, ಸ್ವಲ್ಪ ಹೊತ್ತು ಸುಮ್ಮನೆ ಮಲಗಲಾಗಲಿಲ್ಲವೇ?

ಗಡ್ಡೆಯ ವಿಷಯ ಅವರಿಗೆ ಹೇಳಲಿಲ್ಲ. ನಾಳದಲ್ಲಿ ಕಲ್ಲಿದೆ ಎಂದಷ್ಟೇ ಹೇಳಿದೆವು. ಜ್ವರ ಇಳಿದಿದ್ದರಿಂದ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ನನ್ನ ತಮ್ಮ ಮಲ್ಲು, ಇಲ್ಲಿಂದ ನಾಲ್ಕು ತಾಸಿನ ದಾರಿಯ ಛತ್ರಪತಿ ಸಂಭಾಜಿನಗರ ಶಹರದ ಚಿಕಲಠಾಣಾದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಫೋನಿನಲ್ಲಿ ವಿಷಯ ಕೇಳಿದವನೇ, "ಅಕ್ಕಾ, ಕೊಯ್ಯಾಕ ಕೊಡೂಕಿಂತ ಮೊದಲ ಇಲ್ಲಿ ಒಬ್ಬರು ಹಿರೇ ಡಾಕ್ಟರ್ ಬಾಯಿ ಅದಾರ, ಅವರಿಗೆ ತೋರಸೂಣು," ಎಂದ. ಭಾನುವಾರ ಕಾರು ತೆಗೆದುಕೊಂಡು ತಾನೇ ಬಂದ. ಪ್ರಕಾಶರಿಗೆ ರಜೆ ಸಿಗಲಿಲ್ಲ. ಸೋಮವಾರ ಬೆಳಿಗ್ಗೆ ನಾನು, ಅತ್ತೆ, ಮಲ್ಲು ಹೊರಟೆವು.

ನಿಫಾಡ್ ದಾಟಿ ಯೇವಲಾ ಹತ್ತಿರ ಬರುವ ಹೊತ್ತಿಗೆ ನನ್ನೊಳಗೆ ಕಟ್ಟಿಕೊಂಡದ್ದು ಬಾಯಿಗೆ ಬಂತು.

"ಅತ್ತಿ, ಸಿಟ್ಟಾಗಬ್ಯಾಡ್ರಿ, ಒಂದ ಕೇಳ್ತೀನಿ. ಆ ಮಷೀನಿನಾಗ ಯಾಕ ಸುಮ್ನ ಮಲಗಲಿಲ್ರಿ?"

"ನಾ ಸುಮ್ನ ಮಲಗಿದ್ದೆ. ಅವ ಬಿಡಬೇಕಲ್ಲ! ಮ್ಯಾಲಿಂದ ಮ್ಯಾಲ ಹಲ್ಲ ಕೇಳಾಕತ್ತಿದ್ದ."

"ಯಾವ ಹಲ್ಲ?"

"ನನ್ನ ಹಲ್ಲ! ಕಿವ್ಯಾಗ ಒಂದ ಸಮ, ಹಲ್ಲು ನಕಾ, ಹಲ್ಲು ನಕಾ ಅಂತ. ಹಲ್ಲು ಬ್ಯಾಡ ಅಂದ್ರ ಏನರ್ಥ? ತಗದ ಬಂದೀನಲ್ಲ, ನಿನ್ನ ಕೈಯಾಗ ಕೊಟ್ಟೀನಲ್ಲ! ಪ್ರತೀ ಸಲ ತಲಿ ಎತ್ತಿ ಬಾಯಿ ತಗದ ತೋರಿಸೀನಿ. ನಾಹೀತ್, ಹಲ್ಲು ನಾಹೀತ್ ಅಂತ ಒದರೀನಿ. ಆ ಗದ್ದಲದಾಗ ಅವಗ ಕೇಳಿದ್ರ ಅಲ್ಲ? ಮತ್ತ ಅದ ರಾಗ. ಮರ್ಯಾದಿ ಅನ್ನೂದ ಇಲ್ಲ ಮಂದೀಗೆ."

ಮಲ್ಲು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಾನೂ ನಕ್ಕೆ. ಅತ್ತೆ ಇಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದರು.

ಹಲೂ ನಕಾ. ಮರಾಠಿಯಲ್ಲಿ ಅಲುಗಬೇಡಿ ಎಂದರ್ಥ.

ಅವರ ಮರಾಠಿ ಸಂತೆಯ ಮರಾಠಿ. ಎಷ್ಟಕ್ಕೆ, ಕಡಿಮೆ ಮಾಡು, ಬೇಡ, ಇಲ್ಲ, ನಾಳೆ ಬಾ. ಕಾಯಿಪಲ್ಲೆ ಮಾರುವವರು ಯಾರೂ ಯಾರಿಗೂ ಅಲುಗಬೇಡಿ ಎನ್ನುವುದಿಲ್ಲ. ನಕಾ ಎನ್ನುವುದು ಅವರಿಗೆ ಗೊತ್ತಿತ್ತು. ಹಲೂ ಮಾತ್ರ ಕನ್ನಡದ ಹಲ್ಲಾಗಿ ಕೇಳಿತ್ತು. ಅದೂ ಆಗಷ್ಟೇ ಹಲ್ಲು ಬಿಚ್ಚಿಸಿಕೊಂಡು, ನಾಚಿಕೆಯಿಂದ ಕುಗ್ಗಿ ಒಳಗೆ ಹೋದ ಮುದುಕಿಗೆ. ಹುಡುಗ ಸುಮ್ಮನಿರಿ ಎಂದಷ್ಟೂ ಸಲ ಅವರು ತಲೆ ಎತ್ತಿ ಬೋಳು ಬಾಯಿ ತೋರಿಸಿದ್ದರು. ಆ ಕತ್ತಲ ಕೊಳವೆಯಲ್ಲಿ ಒಬ್ಬರೇ.

ನಗು ಹಾಗೇ ಅಳುವಾಯಿತು. ಮರಾಠಿ ಚೆನ್ನಾಗಿ ಬರುತ್ತದೆ ಎಂದು ತಲೆ ಆಡಿಸಿದ್ದು ನಾನು. ಹೊರಗೆ ಕೂತು ತೂಕಡಿಸಿದ್ದು ನಾನು. ಇನ್ನೊಂದು ವಾರದಲ್ಲಿ ಅವರ ಲಿವರ್‌ಗೆ ಕತ್ತರಿ ಬೀಳುವುದಿತ್ತು, ಒಂದು ಹಲ್ಲಿನ ಮಾತಿಗೆ.

ಅರ್ಥ ಬಿಡಿಸಿ ಹೇಳಿದೆ. ಅತ್ತೆ ನಗಲಿಲ್ಲ. ಹೊರಗಿನ ಈರುಳ್ಳಿ ಹೊಲಗಳ ಕಡೆ ಮುಖ ತಿರುಗಿಸಿದರು. ಮಲ್ಲು ಚಹಾ ತರುತ್ತೇನೆಂದು ಇಳಿದು ಹೋದ. ಆಗ ನನ್ನ ಕಡೆ ತಿರುಗದೇ ಕೇಳಿದರು.

"ಸುಜಾತಾ, ಒಳಗಿರೂದು ಕಲ್ಲ ಅಲ್ಲ, ಹೌದಿಲ್ಲ?"

ನಾನು ತೊಡೆಯ ಮೇಲಿದ್ದ ರಿಪೋರ್ಟಿನ ಫೈಲಿನ ದಾರ ಬಿಗಿದೆ.

"ನನ್ನ ಮಗ ಎಂಟ ದಿನದಿಂದ ನನ್ನ ಮಾರಿ ನೋಡಿ ಮಾತಾಡವಲ್ಲ. ಡಾಕ್ಟರ್ ಗಾಠ್ ಗಾಠ್ ಅನ್ನಾಕತ್ತಿದ್ದು ನಂಗೂ ಕೇಳೈತಿ, ಗಾಠ್ ಅಂದ್ರ ಗಡ್ಡಿ. ಅಷ್ಟ ಮರಾಠಿ ಬರ್ತೈತಿ ನಂಗ. ಖರೆ ಹೇಳು."

"ಗೊತ್ತಿಲ್ರಿ ಅತ್ತಿ. ಯಾರಿಗೂ ಗೊತ್ತಿಲ್ಲ. ಕಲ್ಲೋ ಗಡ್ಡಿಯೋ ಅಂತ ಫೋಟೋದಾಗ ತಿಳೀಲಿಲ್ಲ. ಅದಕ್ಕ ಅರ್ಧ ಲಿವರ್ ತಗಿಯೂಣು ಅಂತಾರ."

"ಫೋಟೋ ಅಳ್ಳಾಡಿದ್ದಕ್ಕ?"

"ಹೂಂನ್ರಿ."

ಅವರು ಸೆರಗಿನಿಂದ ಕನ್ನಡಕ ಒರೆಸಿದರು. ಮತ್ತೆ ಹಾಕಿಕೊಂಡರು.

"ಹಂಗಾರ ಇನ್ನೊಮ್ಮಿ ತಗೀಲಿ. ಈ ಸಲ ನೀ ಹೇಳು, ನಾ ಕೇಳ್ತೀನಿ."

ಒಂಬತ್ತು ವರ್ಷದಲ್ಲಿ ನೀ ಹೇಳು, ನಾ ಕೇಳ್ತೀನಿ ಎಂದು ಅವರು ನನಗೆ ಹೇಳಿದ್ದು ಅದೇ ಮೊದಲು.

ಸಂಭಾಜಿನಗರದ ಮಹಿಳಾ ಡಾಕ್ಟರು, ಮಲ್ಲು ಹೇಳಿದ ಡಾಕ್ಟರ್ ಬಾಯಿ, ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಸರ ಓಡಿಸಿ ನಿಲ್ಲಿಸಿದರು. ಇದರ ಮೇಲೆ ಯಾವ ತೀರ್ಮಾನವನ್ನೂ ಮಾಡುವುದಿಲ್ಲ ಎಂದರು. ಹಲ್ಲಿನ ಕಥೆ ಹೇಳಿದೆ. ಅವರು ನಕ್ಕರು, ಆಮೇಲೆ ಪೆನ್ನು ಕೆಳಗಿಟ್ಟು ಅತ್ತೆಯ ಕಡೆ ನೋಡಿ ಕೈ ಮುಗಿದರು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಮೈಕಿನಲ್ಲಿ ಸೊಸೆಯೇ ಹೇಳಲಿ ಎಂದರು.

ಆ ರಾತ್ರಿ ಮಲ್ಲುವಿನ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹೋದಾಗ ಟೆಕ್ನೀಶಿಯನ್ ಹೆಂಗಸು ಅತ್ತೆಗೆ ಒಂದು ಲೋಟ ಅನಾನಸ್ ರಸ ಕೊಟ್ಟಳು. ಅದನ್ನು ಕುಡಿದರೆ ಹೊಟ್ಟೆಯಲ್ಲಿರುವ ನೀರಿನ ಹೊಳಪು ಅಡಗಿ ನಾಳಗಳು ಸ್ಪಷ್ಟ ಕಾಣುತ್ತವಂತೆ. "ಖಾಲಿ ಹೊಟ್ಟೀಲೆ ಬಾ ಅಂದು ಪಾನಕ ಕುಡಸ್ತಾರ, ಇದು ಆಸ್ಪತ್ರೆನೋ ಬೀಗರ ಮನಿಯೋ?" ಎಂದರು ಅತ್ತೆ. ಹಲ್ಲು ಇನ್ನೂ ಬಾಯಲ್ಲೇ ಇತ್ತು, ಹಾಗಾಗಿ ಧೈರ್ಯವೂ ಇತ್ತು.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಉಸಿರನ್ನು ಪೂರ್ತಿ ಹೊರಗೆ ಹಾಕಿ, ಹದಿನೆಂಟು ಎಣಿಸುವ ತನಕ ಹಿಡಿಯಬೇಕು, ಹಾಗೆ ಹಿಡಿದರೆ ಹೊಟ್ಟೆ ಅಲುಗುವುದಿಲ್ಲ ಎಂದು ಟೆಕ್ನೀಶಿಯನ್ ಹೇಳಿದ್ದಳು. ಆದರೆ ಕನ್ನಡದಲ್ಲಿ ಹೇಗೆ ಹೇಳುವುದು? ಉಸಿರು ಬಿಡಿ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಉಸಿರು ನಿಲ್ಲಿಸಿ ಎನ್ನುವುದು ಇನ್ನೂ ಕೆಟ್ಟದ್ದು. ಯಾವ ಸೊಸೆ ಅತ್ತೆಗೆ ಈ ಮಾತು ಹೇಳುತ್ತಾಳೆ? ಆಸ್ಪತ್ರೆಯಲ್ಲಿ, ಅದೂ ಇಂಥ ಹೊತ್ತಿನಲ್ಲಿ.

ಅತ್ತೆಗೆ ನನ್ನ ಸಂಕಟ ತಿಳಿಯಿತು.

"ಮನಸಿನಾಗ ಇದ್ದದ್ದು ಬಾಯಾಗ ಬರವಲ್ತೇನು?" ಎಂದು ಕಣ್ಣು ಮಿಟುಕಿಸಿದರು. "ಖಾರ ಕುಟ್ಟೂಮುಂದ ಘಾಟ ಮೂಗಿಗೆ ಹೊಕ್ಕಬಾರದಂತ ಏನ್ ಮಾಡ್ತೀವಿ? ಊದಿ ಬಿಗಿ ಹಿಡೀತೀವಲ್ಲ. ಊದ್ರಿ, ಬಿಗಿ ಹಿಡೀರಿ ಅನ್ನು. ಮುಗಿದ ಮ್ಯಾಲ ತಗೋರಿ ಅನ್ನು."

ಊದ್ರಿ. ಹಿಡೀರಿ. ತಗೋರಿ.

ಮೊದಲ ಸಲ ಒಂಬತ್ತಕ್ಕೇ ಉಸಿರು ಎಳೆದುಕೊಂಡರು. ಎರಡನೇ ಸಲ ಹನ್ನೆರಡು. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಅಂಕಿ ಏರಿದಂತೆ ಬೆರಳುಗಳು ಬಿಗಿಯಾಗುತ್ತಿದ್ದವು. ಆರನೇ ಸಲಕ್ಕೆ ಹದಿನೆಂಟು ಮುಟ್ಟಿದರು. ಶಾಲೆಯಲ್ಲಿ ಪಾಸಾದ ಹುಡುಗಿಯ ಹಾಗೆ ನನ್ನನ್ನು ನೋಡಿದರು. ಆಮೇಲೆ ತಾವಾಗಿಯೇ ಹಲ್ಲು ತೆಗೆದು ಡಬ್ಬಿಗೆ ಹಾಕಿದರು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ.

ಗಾಜಿನ ಆಚೆ ಯಂತ್ರದೊಳಗೆ ಅವರ ಪಾದಗಳಷ್ಟೇ ಕಾಣುತ್ತಿದ್ದವು. ಟೆಕ್ನೀಶಿಯನ್ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಮೈಕಿನ ಗುಂಡಿ ತೋರಿಸಿದಳು. ಪರದೆಯ ಮೂಲೆಯಲ್ಲಿ ಒಂದು ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು. ಅದು ಅತ್ತೆಯ ಉಸಿರು ಎಂದಳು.

"ಅತ್ತಿ, ನಾ ಸುಜಾತಾ. ಕೇಳತೈತೇನ್ರಿ? ಊದ್ರಿ. ಹಿಡೀರಿ."

ಗೆರೆ ಇಳಿಯಿತು. ಸಪಾಟಾಯಿತು.

ಅದು ಹೀಗಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ, ಕಣ್ಣ ಮುಂದೆ ಅವರ ಉಸಿರು ನೆಟ್ಟಗೆ ಮಲಗಿತ್ತು. ಯಂತ್ರ ಬಡಿದುಕೊಳ್ಳುತ್ತಿತ್ತು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಏಳು, ಎಂಟು. ಇವರು ಇಲ್ಲದ ಮನೆ ಹೇಗಿರುತ್ತದೆ ಎಂದು ಅಷ್ಟು ದಿನ ನಾನು ಯೋಚಿಸಿರಲಿಲ್ಲ. ಖರೆ ಹೇಳಬೇಕೆಂದರೆ, ಸಿಟ್ಟಿನಲ್ಲಿ ಒಂದೆರಡು ಸಲ ಯೋಚಿಸಿದ್ದೆ, ಆರಾಮಾಗಿರಬಹುದು ಎಂದುಕೊಂಡಿದ್ದೆ. ಹನ್ನೊಂದು, ಹನ್ನೆರಡು. ಈಗ ಆ ಗೆರೆ ಮತ್ತೆ ಏಳಲಿ ಎಂಬುದೊಂದನ್ನು ಬಿಟ್ಟು ಬೇರೇನೂ ಬೇಡವಾಗಿತ್ತು. ಹದಿನೇಳು. ಹದಿನೆಂಟು.

"ತಗೋರಿ ಅತ್ತಿ, ತಗೋರಿ!"

ಗೆರೆ ಎದ್ದಿತು.

ಹೀಗೆ ಹನ್ನೊಂದು ಸಲ. ನಡುವೆ ಒಮ್ಮೆ ಸ್ಪೀಕರಿನಲ್ಲಿ ಅವರ ಬೊಚ್ಚುಬಾಯಿಯ ದನಿ ಬಂತು. "ಅಷ್ಟ ಲಗೂ ಲಗೂ ಎಣಸಬ್ಯಾಡ. ನಂಗೇನೂ ಆಗಂಗಿಲ್ಲ, ಸಾವಕಾಶ ಎಣಸು." ನಾನು ಭಯದಿಂದ ಅಂಕಿಗಳನ್ನು ಓಡಿಸುತ್ತಿದ್ದೆ, ಅದು ಅವರಿಗೆ ಒಳಗೆ ತಿಳಿದಿತ್ತು. ಕೊನೆಯ ಎರಡು ಸಲ ಟೆಕ್ನೀಶಿಯನ್ ತಾನೇ ಮೈಕ್ ತೆಗೆದುಕೊಂಡು "ಊದ್ರೀ, ಹಿಡೀರೀ" ಎಂದು ರಾಗ ಎಳೆದಳು. ಅತ್ತೆ ಅದಕ್ಕೂ ಸರಿಯಾಗಿ ಹಿಡಿದರು.

ಮಧ್ಯಾಹ್ನ ಡಾಕ್ಟರ್ ಬಾಯಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪರದೆ ತಿರುಗಿಸಿದರು. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ನಾಳಗಳು ಕವಲೊಡೆದಿದ್ದವು, ಛಾಟಣಿಯಲ್ಲಿ ಕೊಂಬೆ ಸವರಿ ಎಲೆಯೆಲ್ಲ ತೆಗೆದ ದ್ರಾಕ್ಷಿ ಬಳ್ಳಿಯ ಹಾಗೆ. ಬಲಗಡೆಯ ಕವಲುಗಳು ಸಣ್ಣಗೆ, ಅಚ್ಚುಕಟ್ಟಾಗಿ. ಎಡಗಡೆಯದು ಉಬ್ಬಿತ್ತು, ಅದರೊಳಗೆ ಮೂರು ಕಪ್ಪು ಕಾಳುಗಳು ಸಾಲಾಗಿ ನಿಂತಿದ್ದವು. ಆಚೆ ಸಣ್ಣ ಕವಲಿನಲ್ಲಿ ಇನ್ನೊಂದು. ಅಂಚುಗಳು ಎಷ್ಟು ಸ್ಪಷ್ಟವೆಂದರೆ ನನಗೂ ಕಾಣುತ್ತಿತ್ತು.

"ಗಡ್ಡೆ ಕಾಣುತ್ತಿಲ್ಲ. ಇವು ಕಲ್ಲುಗಳು. ನಾಳ ಕಿರಿದಾದದ್ದು ಕಲ್ಲುಗಳಿಂದಲೇ ಅನ್ನಿಸುತ್ತದೆ, ಆದರೂ ಅಲ್ಲಿಂದ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸುತ್ತೇನೆ. ಈಗ ಲಿವರ್ ಕೊಯ್ಯುವುದು ಬೇಡ. ಬಾಯಿಯ ಮೂಲಕ ನಳಿಕೆ ಬಿಟ್ಟು ಕಲ್ಲು ಒಡೆದು ತೆಗೆಯಲು ನೋಡೋಣ," ಎಂದರು.

ಅತ್ತೆ ನನ್ನ ಮುಖ ನೋಡಿದರು.

"ಕಲ್ಲಂತ್ರಿ ಅತ್ತಿ."

"ಬರೇ ಕಲ್ಲ?"

"ಬರೇ ಕಲ್ಲ."

ಕಲ್ಲು ಎಂಬ ಶಬ್ದ ಇಷ್ಟು ಹಿತವಾಗಿರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಕಾರಿಡಾರಿಗೆ ಬಂದು ಪ್ರಕಾಶರಿಗೆ ಫೋನ್ ಮಾಡಿದೆ. ಬರೇ ಕಲ್ಲಂತೆ ಎಂದೆ. ಬ್ಯಾಂಕಿನ ಟೋಕನ್ ನಂಬರ್ ಕೂಗುವ ಯಂತ್ರದ ಸದ್ದು ಹಿಂದೆ ಕೇಳುತ್ತಿತ್ತು. "ಅವ್ವಗ ಕೊಡು," ಎಂದರು ಅವರು. ಅತ್ತೆ ಫೋನ್ ತೆಗೆದುಕೊಂಡು, "ಇನ್ನರ ನನ್ನ ಮಾರಿ ನೋಡಿ ಮಾತಾಡಪಾ," ಎಂದರು.

ಇದೆಲ್ಲ ಸುಲಭವಾಗಿ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿಯಿಂದ ನಳಿಕೆ ಬಿಡುವ ಆ ಇಆರ್‌ಸಿಪಿ ಎರಡು ಸಲ ಮಾಡಬೇಕಾಯಿತು. ಮೊದಲ ಸಲದ ನಂತರ ಮತ್ತೆ ಚಳಿ ಜ್ವರ ಬಂತು, ನಾಲ್ಕು ದಿನ ಐಸಿಯು. ನಾಳ ಮುಚ್ಚದಂತೆ ಸ್ಟೆಂಟ್ ಹಾಕಿದರು, ಆರು ವಾರಕ್ಕೆ ತೆಗೆದರು. ಊಟ ಸೇರದೆ ಅತ್ತೆ ಕಡ್ಡಿಯಾದರು. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಒಂದು ದಿನ ಇನ್ನು ಸಾಕು, ಊರಿಗೆ ಕಳಿಸಿಬಿಡಿ ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಅಂದು ಗಂಜಿಗೆ ಅವರಿಗೆ ಬೇಕಾದಷ್ಟು ಉಪ್ಪು ಹಾಕಿ ತಂದು ಪಕ್ಕದಲ್ಲಿ ಇಟ್ಟೆ. ಅರ್ಧ ಗಂಟೆಯ ನಂತರ ತಿರುಗಿ ನಾಲ್ಕು ಚಮಚ ಕುಡಿದರು. ಸ್ಯಾಂಪಲ್ ಪರೀಕ್ಷೆಯಲ್ಲಿ ಕೆಟ್ಟದ್ದು ಏನೂ ಕಂಡಿರಲಿಲ್ಲ ಎಂಬ ಸುದ್ದಿ ಆ ವಾರವೇ ಬಂತು.

ನಾಶಿಕ್‌ನ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಪೂರ್ತಿ ಕೇಳಿ, ಯಾಕೆ ಅಲುಗಿದಿರಿ ಎಂದು ನಾನು ಆ ದಿನ ಆಜಿಯನ್ನೇ ಕೇಳಬೇಕಿತ್ತು ಎಂದರು. ನಾನೂ ಕೇಳಬೇಕಿತ್ತು ಎಂದೆ. ಅವರ ತಪ್ಪು ಎಷ್ಟೋ ನನ್ನದೂ ಅಷ್ಟೇ ಇತ್ತು.

ಹೋದ ವಾರ ಸಂಭಾಜಿನಗರಕ್ಕೆ ಮತ್ತೆ ಹೋಗಿದ್ದೆವು. ರಕ್ತ ಪರೀಕ್ಷೆ ಸರಿಯಾಗಿದೆ. ಕಣ್ಣು ಬೆಳ್ಳಗಾಗಿವೆ. ದೊಡ್ಡ ಮೂರು ಕಲ್ಲು ಹೋಗಿವೆ. ಆಚೆ ಸಣ್ಣ ಕವಲಿನದು ಕೈಗೆ ಸಿಕ್ಕಿಲ್ಲ, ಅದು ಅಲ್ಲೇ ಇದೆ. ಅತ್ತೆ ಡಾಕ್ಟರ್ ಬಾಯಿಯನ್ನು ನೇರವಾಗಿ ಕೇಳಿದರು, ನನ್ನಿಂದ ಮರಾಠಿಯಲ್ಲಿ ಹೇಳಿಸಿ. ಮತ್ತೆ ಕಲ್ಲು ಕಟ್ಟುತ್ತದೆಯೇ? ಕಟ್ಟಬಹುದು ಎಂದರು. ಮುಂದೆ ಎಂದಾದರೂ ಕೊಯ್ಯಬೇಕಾದೀತೇ? ಆದರೂ ಆದೀತು, ಈಗಲೇ ಹೇಳಲಾಗದು, ಆರು ತಿಂಗಳಿಗೊಮ್ಮೆ ಎಂಆರ್‌ಸಿಪಿ ಮಾಡಿ ಕಣ್ಣಿಟ್ಟಿರೋಣ ಎಂದರು. ಒಂದಕ್ಷರ ಬಿಡದೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಈಗ ಅವರಿಂದ ಏನನ್ನೂ ಮುಚ್ಚಿಡುವುದಿಲ್ಲ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು. ಮೂರು ಮೆಟ್ಟಿಲು ಇಳಿದು ನಿಂತರು. ಆಯಾಸವಾಯಿತೇನೋ ಎಂದುಕೊಂಡೆ.

"ಅಂದ್ರ ಇದು ಮುಗಿಯೂದಲ್ಲ," ಎಂದರು.

"ಇಲ್ರಿ."

"ಹಂಗಾರ ನೀ ಇನ್ನೂ ಏಗಬೇಕಲ್ಲವಾ ನನ್ನ ಜೋಡಿ."

"ಏಗ್ತೀನ್ರಿ," ಎಂದೆ. "ನೀವು ಇರ್ರಿ, ಅಷ್ಟ ಸಾಕು."